ಇನ್ನೂ ಒಂದು ಬಿಸಿಲು

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು ಮೇಲ್ವಿಚಾರಕನಾಗಿದ್ದ ಕಾಲದ ಮಾತು. ಜನವರಿ ತಿಂಗಳು, ಹೊಸ ತೊಗರಿಯ ಭರಾಟೆ. ಸಂಜೆ ಹೊರಡಬೇಕಾದ ಲಾರಿ ಆಗಲೇ ಬಂದು ನಿಂತಿತ್ತು. ಯಂತ್ರದಿಂದ ಬೀಳುತ್ತಿದ್ದ ಬೇಳೆಯಲ್ಲಿ ನೋಡಿದರೆ ಸಿಪ್ಪೆ ಬಿಡದ ಕಾಳುಗಳೇ ಹೆಚ್ಚು.

ಯಂತ್ರ ನೋಡಿಕೊಳ್ಳುವ ಕಾಕಾ ಒಂದು ಹಿಡಿ ತಂದು ನನ್ನ ಮೇಜಿನ ಮೇಲೆ ಸುರಿದರು. "ಹಸಿ ಕಾಳು ಕೊಟ್ಟರೆ ರೋಲರ್ ಏನು ಮಾಡುತ್ತದೆ? ಅಂಗಳದವರನ್ನು ಕೇಳಿ." ಕಾಳು ಒಣಗಿಸುವ ಹೆಂಗಸರ ಮುಂದಾಳಾಗಿದ್ದ ಅಕ್ಕನನ್ನು ಕರೆಸಿದೆ. ಇಬ್ಬರನ್ನೂ ಹಮಾಲರ ಎದುರಿಗೇ ನಿಲ್ಲಿಸಿ, "ತಪ್ಪು ಯಾರದು?" ಎಂದು ಗದರಿದೆ. ಕಾಕಾ ತಮ್ಮ ಇಪ್ಪತ್ತು ವರ್ಷದ ಅನುಭವ ಎತ್ತಿದರು. ಅಕ್ಕ ತುಟಿ ಬಿಗಿದು ನಿಂತರು. ತೊಗರಿಯ ಮಾತು ಅಲ್ಲಿಗೇ ನಿಂತು ಮಾನದ ಮಾತು ಶುರುವಾಯಿತು.

ಬೇಳೆ ಮಾಡುವುದು ಅವಸರದ ಕೆಲಸವಲ್ಲ. ಕಾಳಿನ ಮೈ ಗೀರಿ, ಎಣ್ಣೆ ಸವರಿ, ರಾಶಿ ಹಾಕಿ, ಬಿಸಿಲಿಗೆ ಹರವಬೇಕು. ಸಿಪ್ಪೆಯ ಅಂಟು ಸಡಿಲವಾಗದೆ ಒಡೆಯಲು ಹೊರಟರೆ ಹೀಗೇ ಆಗುತ್ತದೆ. ಅಂಗಳಕ್ಕೆ ಹೋಗಿ ನಿಂತಾಗ, ಮೂಲೆಯಲ್ಲಿ ಮಡಚಿಟ್ಟ ತಾಡಪತ್ರಿ ಕಂಡು ಎದೆ ಧಸಕ್ಕೆಂದಿತು. ಹಿಂದಿನ ದಿನ ಮೋಡ ಮುಚ್ಚಿತ್ತು. ಮಧ್ಯಾಹ್ನ ಫೋನ್ ಮಾಡಿ "ಸಾಕು, ಎತ್ತಿಬಿಡಿ" ಎಂದವನು ನಾನೇ.

"ಆಗಲೇ ಏಕೆ ಹೇಳಲಿಲ್ಲ ಅಕ್ಕಾ?"

"ಹತ್ತು ಮಂದಿಯ ಎದುರು ಹೇಗೆ ಹೇಳಲಿ ಸಾಹೇಬರೇ?"

ನಾನು ಅವರಿಗೆ ಉಳಿಸದ ಮರ್ಯಾದೆಯನ್ನು ಅವರು ನನಗೆ ಉಳಿಸಿದ್ದರು. ಇಂದಿಗೂ ನೆನೆದರೆ ಕಣ್ಣು ತುಂಬುತ್ತದೆ.

1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು ಭಾವನಾತ್ಮಕ ಬುದ್ಧಿವಂತಿಕೆಯನ್ನು ವಿವರಿಸುವಾಗ, ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದರ ಜೊತೆಗೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸುವುದನ್ನೂ ಸೇರಿಸಿದ್ದರು. ಬಹಳ ಕಾಲದ ನಂತರ ಇದನ್ನು ಓದಿದಾಗ ನನಗೆ ಆ ಮಧ್ಯಾಹ್ನವೇ ನೆನಪಾಯಿತು. ಅಂದು ನನ್ನೊಳಗೆ ಇದ್ದದ್ದು ಸಿಟ್ಟಲ್ಲ, ಭಯ. ಲಾರಿ ತಡವಾದರೆ ಮಾಲೀಕರಿಗೆ ಏನು ಹೇಳಲಿ ಎಂಬ ಭಯ. ಅದನ್ನು ಸಿಟ್ಟೆಂದೇ ತಿಳಿದು ಇಬ್ಬರ ಮೇಲೆ ಸುರಿದಿದ್ದೆ.

ಆ ದಿನವೇ ಅದೇ ಹಮಾಲರನ್ನು ಕರೆಸಿ, ಅವರೆದುರಿಗೇ ಹೇಳಿದೆ: "ಎತ್ತಲು ಹೇಳಿದವನು ನಾನು. ಲಾರಿಯ ಹೆದರಿಕೆಯಲ್ಲಿ ನಿಮ್ಮಿಬ್ಬರ ಮೇಲೆ ಕೂಗಿದೆ. ತಪ್ಪಾಯಿತು." ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಕಾ ಅಕ್ಕನ ಕಡೆ ತಿರುಗಿ, "ನನ್ನ ಮಾತೂ ಬಿರುಸಾಯಿತು ತಂಗಿ" ಎಂದರು. ಉಳಿದ ಕಾಳನ್ನು ಮತ್ತೆ ಹರವಲು ಇಬ್ಬರೂ ಸೇರಿ ಜಾಗ ನೋಡತೊಡಗಿದರು.

ಮರುದಿನ ಮಧ್ಯಾಹ್ನ ಅಂಗಳಕ್ಕೆ ಹೋದೆ. ಅಕ್ಕ ಒಂದು ಕಾಳು ಬಾಯಿಗೆ ಹಾಕಿ ಕಡಿದು ನೋಡಿದರು. "ಇನ್ನೂ ಒಂದು ಬಿಸಿಲು ಬೇಕು." ನಾನು ಪಕ್ಕಕ್ಕೆ ಸರಿದು ಮಾಲೀಕರಿಗೆ ಫೋನ್ ಮಾಡಿದೆ.