ಕೊರಾಂಡರ್ಕ್‌ನ ಜನ ಮತ್ತು ಅವರ ನೆಲ

ಮೆಲ್ಬರ್ನ್‌ನಲ್ಲಿ ಶಾಲೆಯ ಸಭೆಯಿರಲಿ, ಕಚೇರಿಯ ಸಮಾರಂಭವಿರಲಿ, ಮೊದಲು ಈ ನೆಲದ ಮೂಲ ವಾರಸುದಾರರಾದ ವುರುಂಜೆರಿ ಜನರನ್ನು ಹೆಸರಿಸಿ, ಅವರ ಹಿರಿಯರಿಗೆ ಗೌರವ ಸಲ್ಲಿಸಿ ಮುಂದುವರಿಯುವುದು ಈಗ ರೂಢಿಯಾಗಿದೆ. ಊರಿನಿಂದ ಬಂದ ನೆಂಟರು ಇದನ್ನು ಕೇಳಿ, ಆ ಜನ ಯಾರು, ಅವರಿಗೆ ಏನಾಯಿತು ಎಂದು ವಿಚಾರಿಸುವುದುಂಟು. ಅದೇ ನೆಂಟರನ್ನು ನಾವು ಕಾಂಗರೂ, ಕೊವಾಲಾಗಳನ್ನು ತೋರಿಸಲು ಹೀಲ್ಸ್‌ವಿಲ್ ಪ್ರಾಣಿಧಾಮಕ್ಕೆ ಕರೆದೊಯ್ಯುತ್ತೇವೆ. ಆ ಪ್ರಾಣಿಧಾಮ ನಿಂತಿರುವುದು ಕೊರಾಂಡರ್ಕ್ ಎಂಬ ಮೂಲನಿವಾಸಿ ವಸತಿಗೆ ಒಂದು ಕಾಲದಲ್ಲಿ ಸೇರಿದ್ದ ನೆಲದ ಮೇಲೆ. ಮೂಲನಿವಾಸಿಗಳು ಹೊಸ ಕಾಲಕ್ಕೆ ಹೊಂದಿಕೊಳ್ಳಲಾಗದೆ ತಾವಾಗಿಯೇ ಹಿಂದೆ ಸರಿದರು ಎಂದು ನಂಬಿರುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಕೊರಾಂಡರ್ಕ್‌ನ ಇತಿಹಾಸವನ್ನು ತಿಳಿದವರು ಆ ಮಾತನ್ನು ಒಪ್ಪಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಸ್ಟ್ರೇಲಿಯಾದಲ್ಲಿ ಮನುಷ್ಯರು ಕನಿಷ್ಠ 50,000 ವರ್ಷಗಳಿಂದ ಬಾಳಿದ್ದಾರೆ. ಇಂದಿನ ಮೆಲ್ಬರ್ನ್ ಮತ್ತು ಅದರ ಸುತ್ತಲಿನ ವಿಶಾಲ ಪ್ರದೇಶ ಕೂಲಿನ್ ಎಂದು ಕರೆಯಲಾಗುವ ಐದು ಭಾಷಾ ಸಮುದಾಯಗಳಿಗೆ ಸೇರಿತ್ತು. ಯಾರಾ ನದಿಯ ಕಣಿವೆ ಅವರಲ್ಲಿ ವುರುಂಜೆರಿಗಳದು. ಪ್ರತಿಯೊಬ್ಬರೂ ಹದ್ದಿನ ರೂಪದ ಬಂಜಿಲ್ ಅಥವಾ ಕಾಗೆಯ ರೂಪದ ವಾ, ಈ ಎರಡರಲ್ಲಿ ಒಂದು ಪಂಗಡಕ್ಕೆ ಸೇರಿದವರು, ಮತ್ತು ನಮ್ಮಲ್ಲಿ ಒಂದೇ ಬಳಿಯೊಳಗೆ ಹೆಣ್ಣು ತರಬಾರದೆಂಬ ಕಟ್ಟಳೆಯಿರುವಂತೆ ಅಲ್ಲಿಯೂ ಮದುವೆ ಇನ್ನೊಂದು ಪಂಗಡದೊಂದಿಗೇ ನಡೆಯಬೇಕಿತ್ತು. ಹೆಂಗಸರು ಅಗೆಯುವ ಕೋಲುಗಳಿಂದ ಮರ್ನಾಂಗ್ ಎಂಬ ಗೆಡ್ಡೆಯನ್ನು ತೆಗೆಯುತ್ತಿದ್ದರು. ಋತು ನೋಡಿ ಹುಲ್ಲುಗಾವಲಿಗೆ ಬೆಂಕಿಯಿಟ್ಟು ಹೊಸ ಚಿಗುರು ಬರಿಸುತ್ತಿದ್ದರು. ಲ್ಯಾನ್ಸ್‌ಫೀಲ್ಡ್ ಬಳಿಯ ಮೌಂಟ್ ವಿಲಿಯಂ ಗಣಿಯಲ್ಲಿ ತೆಗೆದ ಹಸಿರು ಕಲ್ಲಿನ ಕೊಡಲಿಗಳು ನೂರಾರು ಕಿಲೋಮೀಟರ್ ದೂರದವರೆಗೆ ವಿನಿಮಯವಾಗುತ್ತಿದ್ದವು. ಆ ಗಣಿಗೆ ಹೊಣೆಗಾರರಿದ್ದರು. ಅವರ ಅನುಮತಿಯಿಲ್ಲದೆ ಹೊರಗಿನವರು ಕಲ್ಲು ತೆಗೆಯುವಂತಿರಲಿಲ್ಲ. ಇಷ್ಟು ಸ್ಪಷ್ಟವಾಗಿ ಹಕ್ಕು ಮತ್ತು ಹೊಣೆಗಳನ್ನು ಹಂಚಿಕೊಂಡಿದ್ದ ನೆಲವನ್ನು ಬ್ರಿಟಿಷರ ಕಾನೂನು ಯಾರಿಗೂ ಸೇರದ ನೆಲವೆಂದು ಎಣಿಸಿತು.

1835ರ ಜೂನ್‌ನಲ್ಲಿ ಜಾನ್ ಬ್ಯಾಟ್‌ಮನ್ ಎಂಬ ಪಶುಪಾಲಕ ಕೂಲಿನ್ ಹಿರಿಯರೊಂದಿಗೆ ಒಪ್ಪಂದ ಮಾಡಿಕೊಂಡು, ಕಂಬಳಿ, ಚಾಕು, ಕೊಡಲಿ, ಕನ್ನಡಿ, ಹಿಟ್ಟು ಇವುಗಳಿಗೆ ಬದಲಾಗಿ ಸುಮಾರು 6,00,000 ಎಕರೆ ತನ್ನದಾಯಿತೆಂದು ಹೇಳಿಕೊಂಡ. ಹಿರಿಯರು ಬಹುಶಃ ಅದನ್ನು, ಹೊರಗಿನವರಿಗೆ ತಮ್ಮ ನೆಲದಲ್ಲಿ ತಾತ್ಕಾಲಿಕವಾಗಿ ಇರಲು ಅನುಮತಿ ಕೊಡುವ ತಮ್ಮದೇ ವಿಧಿಯಾಗಿ ಕಂಡಿರಬೇಕು. ಅದೇ ವರ್ಷದ ಆಗಸ್ಟ್‌ನಲ್ಲಿ ಗವರ್ನರ್ ಬೋರ್ಕ್ ಒಪ್ಪಂದವನ್ನು ಅಸಿಂಧುವೆಂದು ಘೋಷಿಸಿದರು. ಮೋಸದ ಬೆಲೆಗೆ ಕೊಂಡದ್ದು ತಪ್ಪೆಂಬುದು ಅದಕ್ಕೆ ಕಾರಣವಾಗಿರಲಿಲ್ಲ. ನೆಲವೆಲ್ಲ ಬ್ರಿಟಿಷ್ ರಾಜಸತ್ತೆಯದಾದ್ದರಿಂದ ಮಾರಲು ಮೂಲನಿವಾಸಿಗಳಿಗೆ ಹಕ್ಕೇ ಇಲ್ಲ ಎಂಬುದು ಅವರ ವಾದವಾಗಿತ್ತು. ಈ ದೇಶದ ಅತ್ಯುಚ್ಚ ನ್ಯಾಯಾಲಯ ಆ ವಾದದ ಬುಡವನ್ನು ತಿರಸ್ಕರಿಸಿದ್ದು 1992ರ ಮಾಬೊ ತೀರ್ಪಿನಲ್ಲಿ. ಅಷ್ಟರಲ್ಲಿ ಒಂದೂವರೆ ಶತಮಾನ ಕಳೆದಿತ್ತು.

ಒಪ್ಪಂದದ ಹಿಂದೆಯೇ ಕುರಿಗಳು ಬಂದವು, ಮರ್ನಾಂಗ್ ಗೆಡ್ಡೆಯನ್ನು ಬುಡಸಮೇತ ಮೇಯ್ದವು. ಹಸಿವು, ರೋಗ ಮತ್ತು ಬಂದೂಕುಗಳಿಂದ ಕೂಲಿನ್ ಜನಸಂಖ್ಯೆ ಒಂದೇ ತಲೆಮಾರಿನೊಳಗೆ ಭೀಕರವಾಗಿ ಕುಸಿಯಿತು.

ಉಳಿದವರು ಕೈಕಟ್ಟಿ ಕೂರಲಿಲ್ಲ. 1859ರಲ್ಲಿ ವುರುಂಜೆರಿ ಮುಖಂಡ ಸೈಮನ್ ವೊಂಗಾ ಅವರು ಕೂಲಿನ್‌ಗಳಲ್ಲೇ ಇನ್ನೊಂದಾದ ಟಾಂಗುರಂಗ್ ಸಮುದಾಯದ ನಿಯೋಗವೊಂದನ್ನು ಸರ್ಕಾರದ ಅಧಿಕಾರಿಯ ಬಳಿಗೆ ಕರೆತಂದು, ಬಿಳಿಯರಂತೆ ಬೇಸಾಯ ಮಾಡಿ ಬದುಕಲು ಆಕೆರಾನ್ ನದಿಯ ದಡದಲ್ಲಿ ಭೂಮಿ ಕೊಡಿ ಎಂದು ಕೇಳಿದರು. ಕೊಟ್ಟ ಭೂಮಿಯಿಂದ ಅವರನ್ನು ಬೇಗನೆ ಎಬ್ಬಿಸಲಾಯಿತು. 1863ರಲ್ಲಿ ವೊಂಗಾ ಮತ್ತು ವಿಲಿಯಂ ಬರಾಕ್ ಅವರ ಹಿಂದೆ ಜನ ಬೆಟ್ಟ ದಾಟಿ ನಡೆದು ಬಂದು ಯಾರಾ ಕಣಿವೆಯಲ್ಲಿ ನೆಲೆಯೂರಿದರು, ಅದೇ ಕೊರಾಂಡರ್ಕ್. 2,300 ಎಕರೆಗಳಿಂದ ಶುರುವಾದ ಅದು ಮುಂದೆ 4,850 ಎಕರೆಗಳಿಗೆ ಬೆಳೆಯಿತು. ಬ್ಯಾಟ್‌ಮನ್‌ನ ಒಪ್ಪಂದ ನಡೆದಾಗ ಬಾಲಕನಾಗಿ ಅಲ್ಲಿದ್ದುದನ್ನು ಮುಂದೆ ನೆನಪಿಸಿಕೊಂಡವರು ಈ ಬರಾಕ್.

ಅಲ್ಲಿ ಅವರು ಕಾಡು ಕಡಿದು ಮನೆಗಳನ್ನು ಕಟ್ಟಿದರು, ದನ ಸಾಕಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಮೇಲ್ವಿಚಾರಕ ಜಾನ್ ಗ್ರೀನ್ ಅಲ್ಲಿನ ಜನರನ್ನು ಸಮಾನರಂತೆ ಕಂಡರು, ಮತ್ತು ಊರಿನ ನಿಯಮಗಳನ್ನು ನಿವಾಸಿಗಳೇ ಸೇರಿ ತೀರ್ಮಾನಿಸುತ್ತಿದ್ದರು. ಬಿಯರ್ ತಯಾರಿಕೆಗೆ ಬೇಕಾದ ಹಾಪ್ಸ್ ಬೆಳೆ ಚೆನ್ನಾಗಿ ಕೈಹಿಡಿಯಿತು. 1881ರಲ್ಲಿ ಮೆಲ್ಬರ್ನ್‌ನ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಕೊರಾಂಡರ್ಕ್‌ನ ಹಾಪ್ಸ್‌ಗೆ ಬಹುಮಾನ ಬಂತು. ಕಷ್ಟ ಆರಂಭವಾದದ್ದು ಈ ಏಳಿಗೆಯಿಂದಲೇ. ಫಲವತ್ತಾದ ಆ ಭೂಮಿಯ ಮೇಲೆ ನೆರೆಹೊರೆಯವರ ಕಣ್ಣು ಬಿತ್ತು. ಮೂಲನಿವಾಸಿಗಳ ರಕ್ಷಣಾ ಮಂಡಳಿ ಎಂಬ ಹೆಸರಿನ ಸಂಸ್ಥೆಯೇ ಜನರನ್ನು ದೂರದ ಮರ್ರಿ ನದಿಯ ಕಡೆಗೆ ಸಾಗಿಸುವ ಯೋಚನೆ ಮಾಡಿತು. ಗ್ರೀನ್ 1874ರಲ್ಲಿ ಹುದ್ದೆ ಬಿಡಬೇಕಾಯಿತು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮುಂದಿನ ಹತ್ತು ಹನ್ನೆರಡು ವರ್ಷಗಳ ಹೋರಾಟ. ವೊಂಗಾ ಅವರ ನಂತರ ಮುಖಂಡರಾದ ಬರಾಕ್, ಜನರನ್ನು ಕೂಡಿಕೊಂಡು ಸುಮಾರು 60 ಕಿಲೋಮೀಟರ್ ದೂರದ ಮೆಲ್ಬರ್ನ್‌ಗೆ ಮತ್ತೆ ಮತ್ತೆ ನಡೆದು ಹೋಗಿ ಮಂತ್ರಿಗಳ ಎದುರು ನಿಂತರು. ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತ ಕಿರಿಯರು ಅರ್ಜಿಗಳನ್ನು, ಪತ್ರಿಕೆಗಳಿಗೆ ಪತ್ರಗಳನ್ನು ಬರೆದರು. 1881ರಲ್ಲಿ ಸರ್ಕಾರ ವಿಚಾರಣಾ ಸಮಿತಿ ನೇಮಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಮೂಲನಿವಾಸಿಗಳು, ಹೆಂಗಸರೂ ಸೇರಿ, ಊಟ, ಬಟ್ಟೆ, ಕೂಲಿಯ ಕೊರತೆಯ ಬಗ್ಗೆ ನೇರವಾಗಿ ಸಾಕ್ಷ್ಯ ನುಡಿದರು. ಮಂಡಳಿ ತಮ್ಮ ಮೇಲಿರಬಾರದು, ಗ್ರೀನ್ ಮರಳಿ ಬರಲಿ, ಆಗ ಈ ಊರು ತನ್ನ ಕಾಲ ಮೇಲೆ ನಿಲ್ಲಬಲ್ಲದೆಂದು ನಾಡಿಗೇ ತೋರಿಸುತ್ತೇವೆ ಎಂಬುದು ಅವರ ಬೇಡಿಕೆಯ ತಿರುಳು. 1884ರಲ್ಲಿ ಕೊರಾಂಡರ್ಕ್ ಶಾಶ್ವತ ಮೀಸಲು ಭೂಮಿಯೆಂದು ಅಧಿಸೂಚಿತವಾಯಿತು.

ಮತದಾರರ ಬೆಂಬಲವಾಗಲಿ ಹಣಬಲವಾಗಲಿ ಇಲ್ಲದ ಜನ ಗೆದ್ದ ಆ ಗೆಲುವು ಎರಡೇ ವರ್ಷ ಉಳಿಯಿತು. 1886ರ ಕಾಯಿದೆ, ಮಿಶ್ರ ರಕ್ತದವರೆಂದು ಎಣಿಸಿದ 34 ವರ್ಷದೊಳಗಿನವರೆಲ್ಲರೂ ಮೀಸಲು ನೆಲೆಗಳನ್ನು ಬಿಡಬೇಕೆಂದು ವಿಧಿಸಿತು. ಅರ್ಜಿ ಬರೆಯಬಲ್ಲ, ಹಾಪ್ಸ್ ಕೊಯ್ಯಬಲ್ಲ ಯುವಕರು ಊರಿನಿಂದ ಹೊರಬಿದ್ದರು. ಒಂದೇ ಕುಟುಂಬದಲ್ಲಿ ಅಜ್ಜಿ ಒಳಗೆ, ಮೊಮ್ಮಕ್ಕಳು ಹೊರಗೆ ಎಂಬಂತಾಯಿತು. ದುಡಿಯುವವರಿಲ್ಲವೆಂದು 1893ರಲ್ಲಿ ಅರ್ಧದಷ್ಟು ಭೂಮಿಯನ್ನು ಹಿಂಪಡೆಯಲಾಯಿತು. ಬರಾಕ್ 1903ರಲ್ಲಿ ಅಲ್ಲಿಯೇ ತೀರಿಕೊಂಡರು. 1924ರಲ್ಲಿ ನೆಲೆಯನ್ನು ಮುಚ್ಚಿ, ಹೋಗಲು ಒಪ್ಪದ ಕೆಲವು ವೃದ್ಧರನ್ನು ಬಿಟ್ಟು ಉಳಿದವರನ್ನು ಪೂರ್ವದ ಲೇಕ್ ಟಯರ್ಸ್ ಎಂಬ ಇನ್ನೊಂದು ಮೀಸಲು ನೆಲೆಗೆ ಕಳಿಸಿದರು. ಎರಡನೆಯ ಮಹಾಯುದ್ಧದ ನಂತರ ಮಿಕ್ಕ ಭೂಮಿ ಯುದ್ಧದಿಂದ ಮರಳಿದ ಸೈನಿಕರ ಪುನರ್ವಸತಿಗೆ ಹೋಯಿತು.

ಇಂದು ಮೆಲ್ಬರ್ನ್ ಕ್ರಿಕೆಟ್ ಮೈದಾನಕ್ಕೆ ನದಿಯ ಕಡೆಯಿಂದ ನಡೆದು ಹೋಗುವ ಸೇತುವೆಗೆ ವಿಲಿಯಂ ಬರಾಕ್ ಅವರ ಹೆಸರಿದೆ. ಭಾರತದ ಪಂದ್ಯಗಳಿದ್ದಾಗ ಅದರ ಮೇಲೆ ಕನ್ನಡ ಮಾತೂ ಕೇಳಿಸುತ್ತದೆ. ಹೆಸರಿಡುವುದು ಒಳ್ಳೆಯದೇ, ಆದರೆ ಬರಾಕ್ ಕೇಳಿದ್ದು ನೆಲವನ್ನು. 1998ರಲ್ಲಿ ಮೂಲನಿವಾಸಿಗಳಿಗಾಗಿ ಭೂಮಿ ಖರೀದಿಸುವ ಸರ್ಕಾರಿ ನಿಗಮವೊಂದು ಹಳೆಯ ಕೊರಾಂಡರ್ಕ್‌ನ ಸುಮಾರು 200 ಎಕರೆಗಳನ್ನು ಹಣ ಕೊಟ್ಟು ಕೊಂಡು ವುರುಂಜೆರಿಗಳಿಗೆ ಒಪ್ಪಿಸಿತು. ಅದನ್ನು ವಹಿಸಿಕೊಂಡ ವಾಂಡಿನ್ ಮನೆತನದವರು ಬರಾಕ್ ಅವರ ಸೋದರಳಿಯ ರಾಬರ್ಟ್ ವಾಂಡಿನ್ ಅವರ ವಂಶಸ್ಥರು.