ಇಎಂಐ ತಿಂಗಳಿಗೊಂದ್ಸಲ, ಅಡಿಕೆ ವರ್ಷಕ್ಕೊಂದ್ಸಲ

ಕಳೆದ ನವೆಂಬರ್‌ನ ಒಂದು ಭಾನುವಾರ, ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಹತ್ರ ನಾವು ಯಾವಾಗ್ಲೂ ನಿಲ್ಲೋ ಟೀ ಅಂಗಡಿ ಮುಂದೆ ಬೈಕ್ ನಿಲ್ಸಿ ಇನ್ನೂ ಗ್ಲೌಸ್ ಬಿಚ್ಚಿರಲಿಲ್ಲ, ಅಷ್ಟರಲ್ಲಿ ನಮ್ಮ ಗುಂಪಿನ ಹುಡುಗ "ಅಣ್ಣಾ, ಹಿಮಾಲಯನ್ 450 ಬೈಕ್ ಬುಕ್ ಮಾಡ್ತಿದೀನಿ, ನಾಳೆ ಹೋಗಿ ಅಡ್ವಾನ್ಸ್ ಕಟ್ಟಿ ಬರ್ತೀನಿ" ಅಂದ. ಅವನಿಗೆ 24 ವರ್ಷ, ಶಿವಮೊಗ್ಗದಲ್ಲೇ ಕೆಲಸ, ಕೈಗೆ ಬರೋ ಸಂಬಳ 26 ಸಾವಿರ. ಮುಖದಲ್ಲಿ ಆ ಖುಷಿ ನೋಡಿದ್ರೆ ಯಾರಿಗೂ ಬೇಡ ಅನ್ನೋಕೆ ಮನಸು ಬರಲ್ಲ. ನನಗೂ ಬರಲಿಲ್ಲ.

ನಾವು ಐದು ಜನ. ಹದಿನೈದು ದಿನಕ್ಕೊಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಶಿವಮೊಗ್ಗ ಬಿಟ್ಟು ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆ ಪಕ್ಕದಲ್ಲೇ ತೀರ್ಥಹಳ್ಳಿಗೆ ಹೋಗ್ತೀವಿ, ಅಲ್ಲಿ ಹೊಸನಗರ ಕಡೆಯ ಒಬ್ರು ಅಣ್ಣ ಸೇರ್ಕೋತಾರೆ, ಆಮೇಲೆ ಮನಸು ಬಂದ್ರೆ ಆಗುಂಬೆ, ಇಲ್ಲಾಂದ್ರೆ ಅಲ್ಲಿಂದಲೇ ವಾಪಸ್. ಆ ಅಣ್ಣಂದು ಎರಡು ಎಕರೆ ಅಡಿಕೆ ತೋಟ. ಇನ್ನೊಬ್ರು ಹೈಸ್ಕೂಲ್ ಗಣಿತದ ಮೇಷ್ಟ್ರು, ರಿಟೈರ್ ಆಗೋಕೆ ನಾಲ್ಕು ವರ್ಷ ಇದೆ, ಈಗಲೂ ಹಳೇ ಬುಲೆಟ್‌ನಲ್ಲೇ ಬರ್ತಾರೆ. ಮತ್ತೊಬ್ಬ ನನ್ನ ಕ್ಲಾಸ್‌ಮೇಟ್, ಬೆಂಗಳೂರಲ್ಲಿ ಕೆಲಸ, ಊರಿಗೆ ಬಂದಾಗ ಮಾತ್ರ ಸಿಗ್ತಾನೆ. ಬೈಕ್ ಓಡಿಸೋದು ಎಷ್ಟೋ ಅಷ್ಟೇ ಹೊತ್ತು ಟೀ ಅಂಗಡೀಲಿ ಕೂತು ಮಾತಾಡ್ತೀವಿ, ನನ್ನ ಮಟ್ಟಿಗೆ ದುಡ್ಡಿನ ವಿಷಯದಲ್ಲಿ ನಾನು ಕಲಿತಿದ್ದು ಮುಕ್ಕಾಲು ಪಾಲು ಆ ಬೆಂಚಿನ ಮೇಲೇನೇ.

ಮೇಷ್ಟ್ರು ಹುಡುಗನಿಗೆ ಬೇಡ ಅನ್ನಲಿಲ್ಲ. "ಬಡ್ಡಿ ಎಷ್ಟು ಹೇಳಿದ್ರು ತಮ್ಮಾ?" ಅಂತ ಕೇಳಿದ್ರು ಅಷ್ಟೇ.

"ಹತ್ತು ಪರ್ಸೆಂಟ್ ಮೇಷ್ಟ್ರೇ. ಮೂರು ಲಕ್ಷ ಲೋನ್, ಮೂರು ವರ್ಷ."

"ಫ್ಲಾಟಾ, ರೆಡ್ಯೂಸಿಂಗಾ?"

ಹುಡುಗ ಸುಮ್ನಾದ. ಇಎಂಐ ಎಷ್ಟು ಹೇಳಿದ್ರು ಅಂದ್ರೆ 10,833 ಅಂದ. ಮೇಷ್ಟ್ರು ಬನ್ಸ್ ಕಟ್ಟಿಕೊಟ್ಟಿದ್ದ ಪೇಪರ್ ಬಿಡಿಸಿ, ಎಣ್ಣೆ ಹತ್ತದಿರೋ ಮೂಲೆ ಹುಡುಕಿ ಪೆನ್ನಲ್ಲಿ ಬರೆದ್ರು. ಮೂರು ಲಕ್ಷಕ್ಕೆ ಹತ್ತು ಪರ್ಸೆಂಟ್ ಅಂದ್ರೆ ವರ್ಷಕ್ಕೆ 30 ಸಾವಿರ, ಮೂರು ವರ್ಷಕ್ಕೆ 90 ಸಾವಿರ, ಒಟ್ಟು 3,90,000, ಅದನ್ನ 36ರಲ್ಲಿ ಭಾಗಿಸಿದ್ರೆ ಸರಿಯಾಗಿ 10,833. "ನೋಡು, ಇದು ಫ್ಲಾಟು. ನೀನು ಎರಡು ವರ್ಷ ಕಟ್ಟಿ ಸಾಲ ಒಂದು ಲಕ್ಷಕ್ಕೆ ಇಳಿಸಿದ್ರೂ ಅವರು ಪೂರ್ತಿ ಮೂರು ಲಕ್ಷಕ್ಕೇ ಬಡ್ಡಿ ಹಾಕ್ತಾ ಇರ್ತಾರೆ. ಇದೇ ಹತ್ತು ಪರ್ಸೆಂಟ್ ರೆಡ್ಯೂಸಿಂಗ್ ಆಗಿದ್ರೆ, ಅಂದ್ರೆ ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕಿದ್ರೆ, ಇಎಂಐ 9,680, ಒಟ್ಟು ಬಡ್ಡಿ ನಲವತ್ತೆಂಟೂವರೆ ಸಾವಿರದ ಹತ್ರ. ನಿನ್ನ ಹತ್ತು ಪರ್ಸೆಂಟ್ ಅನ್ನೋದು ನಿಜವಾಗಿ ಹದಿನೆಂಟರ ಹತ್ರ ಹತ್ರ ಐತೆ ಮಾರಾಯ." ಹುಡುಗ ಆ ಪೇಪರ್ ಮಡಿಸಿ ಜಾಕೆಟ್ ಜೇಬಲ್ಲಿ ಇಟ್ಕೊಂಡ.

ಇದನ್ನ ಯಾಕೆ ಇಷ್ಟು ಬಿಡಿಸಿ ಬರೀತಿದೀನಿ ಅಂದ್ರೆ ನಮ್ಮ ಕಡೆ ಓದಿದೋರು ಕೂಡ ಇದನ್ನ ಕೇಳಲ್ಲ, "ತಿಂಗಳಿಗೆ ಎಷ್ಟು ಬೀಳುತ್ತೆ" ಅಂತ ಕೇಳಿ ಸೈನ್ ಹಾಕಿ ಬರ್ತೀವಿ. ಇನ್ನೊಂದು, ಬೈಕ್ ರೇಟ್ ಇಳಿದಿದೆ ಅಂತ ಎಲ್ಲರೂ ಹೇಳ್ತಿದ್ರಲ್ಲ, ಅದು 350 ಸಿಸಿವರೆಗಿನ ಬೈಕ್‌ಗೆ. 2025ರ ಸೆಪ್ಟೆಂಬರ್ 22ರಿಂದ ಅವಕ್ಕೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಆದ್ರೆ 350 ದಾಟಿದ್ದಕ್ಕೆ 40 ಆಯ್ತು. ಹುಡುಗ ಆಸೆಪಟ್ಟಿದ್ದು 452 ಸಿಸಿ ಗಾಡಿ. ಆನ್‌ರೋಡ್ ಮೂರೂವರೆ ಲಕ್ಷದ ಮೇಲೆ ಹೋಗುತ್ತೆ ಅಂತ ಗೊತ್ತಿತ್ತು ಅವನಿಗೆ, ಯಾಕೆ ಅಂತ ಗೊತ್ತಿರಲಿಲ್ಲ.

ಅಷ್ಟೊತ್ತೂ ಮಾತಾಡದೆ ಕೂತಿದ್ದ ಹೊಸನಗರದ ಅಣ್ಣ ಆಮೇಲೆ ಹೇಳಿದ ಮಾತು ನನಗೆ ಈಗಲೂ ಕಿವೀಲಿದೆ. ಅವರು ಹಿಂದೆ ಒಂದು ವರ್ಷ ಬೈಕ್ ಸಾಲದಲ್ಲಿ ತಗೊಂಡಿದ್ರು, ಇಎಂಐ ಆರು ಸಾವಿರದ ಹತ್ರ, ದೊಡ್ಡ ಮೊತ್ತ ಏನಲ್ಲ. ಆದ್ರೆ ತೋಟದೋರ ಮನೇಲಿ ದುಡ್ಡು ಬರೋದು ಕೊಯ್ಲು ಆಗಿ ಸುಲಿದು ಬೇಯಿಸಿ ಒಣಗಿಸಿ ಅಡಿಕೆ ಮಂಡಿಗೆ, ಅಂದ್ರೆ ವ್ಯಾಪಾರದ ಅಂಗಡಿಗೆ, ಹಾಕಿದ್ಮೇಲೆ, ಸಾಲದ ಕಂತು ಬರೋದು ಪ್ರತಿ ತಿಂಗಳು ಐದನೇ ತಾರೀಕು. ಆ ವರ್ಷ ಮಳೆ ಬಿಡಲೇ ಇಲ್ಲ, ಎರಡನೇ ಸಲ ಬೋರ್ಡೋ ಔಷಧಿ ಹೊಡೆಯೋಕೆ ಬಿಸಿಲು ಸಿಗದೆ ಕೊಳೆ ರೋಗ ಬಂದು ಅರ್ಧ ಕೊನೆ ಉದುರಿತು, ಜೊತೆಗೆ ಎಲೆಚುಕ್ಕೆ ರೋಗ. ಆಗಸ್ಟ್‌ಗೆ ಅಕೌಂಟ್ ಖಾಲಿ. ಎರಡು ಕಂತು ಬೌನ್ಸ್ ಆಯ್ತು, ಬ್ಯಾಂಕಿನೋರೂ ಚಾರ್ಜ್ ಹಾಕಿದ್ರು, ಸಾಲ ಕೊಟ್ಟೋರೂ ಹಾಕಿದ್ರು, ಮೇಲಿಂದ ಸಾಲ ಸರಿಯಾಗಿ ಕಟ್ತೀವಾ ಅಂತ ತೋರಿಸೋ ಸಿಬಿಲ್ ಸ್ಕೋರ್ ಬಿತ್ತು.

"ಅದೆಲ್ಲ ಹೋಗ್ಲಿ ಮಾರಾಯ" ಅಂದ್ರು ಅಣ್ಣ. "ಮನೇಲಿ ಹಿಂದಿನ ವರ್ಷದ್ದು ನಾಲ್ಕು ಕ್ವಿಂಟಲ್ ರಾಶಿ ಅಡಿಕೆ ಇಟ್ಟಿದ್ದೆ, ರೇಟ್ ಬರ್ಲಿ ಅಂತ. ಕಂತು ಕಟ್ಟೋಕೆ ಅದನ್ನ ಸೆಪ್ಟೆಂಬರ್‌ನಲ್ಲಿ ಕೊಟ್ಟೆ. ಎರಡು ತಿಂಗಳು ತಡೆದಿದ್ರೆ ಕ್ವಿಂಟಲ್‌ಗೆ ನಾಲ್ಕು ಸಾವಿರ ಜಾಸ್ತಿ ಸಿಕ್ತಿತ್ತು. ಅಪ್ಪ ಇದ್ದಾಗ ಅಡಿಕೆ ಚೀಲನ ಯಾವತ್ತೂ ಅವಸರಕ್ಕೆ ಹೊರಗೆ ಹಾಕಿದ್ದಿಲ್ಲ."

ಇದನ್ನ ತೋಟ ಇರೋರು ಎಲ್ಲರೂ ಅರ್ಥ ಮಾಡ್ಕೋಬೇಕು ಅಂತ ನನ್ನ ಆಸೆ. ಅಡಿಕೆ ಬೆಳೆಗಾರನಿಗೆ ಇರೋ ಒಂದೇ ಒಂದು ಶಕ್ತಿ ಅಂದ್ರೆ ಕಾಯೋದು, ಒಣಗಿಸಿದ ಮಾಲು ಬೇಗ ಕೆಡಲ್ಲ, ರೇಟ್ ಬಿದ್ರೆ ಇಟ್ಕೋಬಹುದು. ತಿಂಗಳ ಕಂತು ಬಂದು ಕೂತ್ರೆ ಆ ಶಕ್ತಿ ಹೋಗುತ್ತೆ, ಬೈಕಿನ ಬಡ್ಡಿ ಲೆಕ್ಕದಲ್ಲಿ ಈ ನಷ್ಟ ಎಲ್ಲೂ ಕಾಣಲ್ಲ. ಅಣ್ಣ ಈಗ ಮಾಡೋದು ಏನು ಅಂದ್ರೆ, ಮಂಡಿ ದುಡ್ಡು ಬಂದ ವಾರವೇ ಹನ್ನೆರಡು ತಿಂಗಳ ಕಂತು ಎಷ್ಟೋ ಅಷ್ಟನ್ನೂ ಬೇರೆ ಒಂದು ಅಕೌಂಟ್‌ಗೆ ಹಾಕಿಬಿಡ್ತಾರೆ, ಆ ಅಕೌಂಟ್‌ನ ಎಟಿಎಂ ಕಾರ್ಡ್ ಅತ್ತಿಗೆ ಹತ್ರ. ಅಷ್ಟು ಎತ್ತಿಡೋಕೆ ಆಗದ ವರ್ಷ ಹೊಸ ಸಾಲಕ್ಕೆ ಹೋಗಲ್ಲ.

ಇನ್ನು ನನ್ನ ಕತೆ. 2021ರಲ್ಲಿ ಹೊಸ ಗಾಡಿ ತಗೊಂಡಾಗ ಶೋರೂಮ್‌ನೋರು "ಐದು ವರ್ಷ ಇನ್ಶೂರೆನ್ಸ್ ಇದೆ ಸಾರ್, ಟೆನ್ಷನ್ ಇಲ್ಲ" ಅಂದ್ರು, ನಾನು ನಂಬಿದೆ. 2023ರ ಡಿಸೆಂಬರ್‌ನಲ್ಲಿ ವಾಪಸ್ ಬರೋವಾಗ ಮಂಡಗದ್ದೆಗೆ ಮುಂಚೆ ಒಂದು ತಿರುವಿನಲ್ಲಿ ಯಾರೋ ರಸ್ತೆ ಪಕ್ಕ ಸುರಿದಿದ್ದ ಅಡಿಕೆ ಸಿಪ್ಪೆ ಹಿಂದಿನ ರಾತ್ರಿ ಮಳೆಗೆ ಕೊಳೆತು ಟಾರಿನ ಮೇಲಕ್ಕೆ ಹರಡ್ಕೊಂಡಿತ್ತು. ನೋಡೋಕೆ ಒಣಗಿದಂಗೆ ಕಾಣ್ಸುತ್ತೆ, ಅಡಿಗೆ ಲೋಳೆ. ಮುಂದಿನ ಚಕ್ರ ಹೋಗಿದ್ದು ಗೊತ್ತಾಗೋ ಮುಂಚೆ ನಾನು ನೆಲದಲ್ಲಿದ್ದೆ. ಕಾಲರ್ ಬೋನ್ ಕ್ರ್ಯಾಕ್, ಹ್ಯಾಂಡಲ್, ಹೆಡ್‌ಲೈಟ್, ಟ್ಯಾಂಕ್ ಎಲ್ಲ ಸೇರಿ ಗಾಡಿ ಬಿಲ್ಲು 23,400. ಕ್ಲೇಮ್ ಹಾಕೋಕೆ ಹೋದಾಗ ಗೊತ್ತಾಯ್ತು, ಐದು ವರ್ಷ ಇದ್ದಿದ್ದು ಥರ್ಡ್ ಪಾರ್ಟಿ ಮಾತ್ರ, ಅಂದ್ರೆ ನಾನು ಬೇರೆಯವರಿಗೆ ಗುದ್ದಿದ್ರೆ ಅವರಿಗೆ ಸಿಗೋದು. ನಮ್ಮ ಗಾಡಿಗೆ ಆದ ಡ್ಯಾಮೇಜ್‌ಗೆ ಇರೋದು ಓನ್ ಡ್ಯಾಮೇಜ್, ಅದು ಮೊದಲ ವರ್ಷಕ್ಕೇ ಮುಗಿದುಹೋಗಿತ್ತು. 2018ರ ಸೆಪ್ಟೆಂಬರ್‌ನಿಂದ ಹೊಸ ಟೂವೀಲರ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಹಾಗಾಗಿ ಎಷ್ಟೋ ಜನ ನನ್ನ ಥರಾನೇ ಅಂದ್ಕೊಂಡಿರ್ತಾರೆ. ಜೊತೆಗೆ ಓಡಿಸೋ ಮಾಲೀಕನಿಗೆ ಇರೋ 15 ಲಕ್ಷದ ಆಕ್ಸಿಡೆಂಟ್ ಕವರ್ ಕೂಡ ನನ್ನ ಪಾಲಿಸಿಲಿ ಒಂದೇ ವರ್ಷಕ್ಕೆ ಇತ್ತು. ಅವತ್ತು ಆ ತಿರುವಿನಲ್ಲಿ ಎದುರಿಂದ ಬಸ್ ಬಂದಿದ್ರೆ ಮನೆಯೋರಿಗೆ ಅದೂ ಸಿಗ್ತಿರಲಿಲ್ಲ, ಇದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಒಂಥರಾ ಆಗುತ್ತೆ. ದಯವಿಟ್ಟು ಇವತ್ತೇ ನಿಮ್ಮ ಪಾಲಿಸಿ ತೆಗೆದು ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್ ಎರಡರ ತಾರೀಕೂ ಬೇರೆ ಬೇರೆ ನೋಡಿ. ಓನ್ ಡ್ಯಾಮೇಜ್ ಮುಗಿದು 90 ದಿನ ದಾಟಿದ್ರೆ ಅಷ್ಟು ವರ್ಷ ಕೂಡಿಸಿದ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದೆ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಕೂಡ ಹೋಗುತ್ತೆ.

ಸಿಪ್ಪೆ ರಸ್ತೆಗೆ ಸುರಿಯೋರಿಗೂ ಒಂದು ಮಾತು, ನಿಮ್ಮ ತೋಟದ ಬುಡಕ್ಕೇ ಹಾಕ್ರಪ್ಪಾ, ಗೊಬ್ಬರ ಆಗುತ್ತೆ.

ಬೆಂಗಳೂರಿನ ಗೆಳೆಯಂದು ಬೇರೆ ಚಿಂತೆ, ಅವತ್ತು ಎರಡನೇ ಟೀ ಬಂದ್ಮೇಲೆ ಬಾಯಿ ಬಿಟ್ಟ. ಅಪ್ಪನಿಗೆ ಮೊಣಕಾಲು ನೋವು, ತೋಟ ನೋಡೋರಿಲ್ಲ, ಕೆಲಸ ಬಿಟ್ಟು ಊರಿಗೆ ಬಂದ್ಬಿಡಲಾ ಅಂತ. ನಾವೆಲ್ಲ ಬಾ ಬಾ ಅಂದ್ವಿ, ಯಾರಿಗೆ ಇಷ್ಟ ಇಲ್ಲ ಹೇಳಿ, ಆದ್ರೆ ಮೇಷ್ಟ್ರು ಮಾತ್ರ "ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಈಗ ಯಾವುದ್ರಲ್ಲಿ ನಡೀತಿದೆ?" ಅಂತ ಕೇಳಿದ್ರು. ಕಂಪನಿ ಇನ್ಶೂರೆನ್ಸ್‌ನಲ್ಲಿ. ಕೆಲಸ ಬಿಟ್ರೆ ಸಾಮಾನ್ಯವಾಗಿ ಅದು ನಿಲ್ಲುತ್ತೆ. ಆಮೇಲೆ ಸ್ವಂತ ಪಾಲಿಸಿ ತಗೊಂಡ್ರೆ ಅಪ್ಪನಿಗೆ ಈಗಾಗಲೇ ಇರೋ ಶುಗರ್, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಕೆಲಸದಲ್ಲಿ ಇರೋವಾಗಲೇ ಮನೆಯೋರ ಹೆಸರಲ್ಲಿ ಪಾಲಿಸಿ ಮಾಡ್ಸು, ಆ ಕಾಯೋ ಅವಧಿ ಕಂಪನಿ ಕವರ್ ಇರೋವಾಗಲೇ ಓಡ್ತಾ ಇರ್ಲಿ, ಅಷ್ಟರಲ್ಲಿ ಒಂದು ವರ್ಷದ ಮನೆ ಖರ್ಚು ಕೈಲಿಟ್ಕೊ ಅಂದ್ರು. ಒಂದು ವರ್ಷ ಯಾಕೆ, ಎಲ್ಲರೂ ಆರು ತಿಂಗಳು ಅಂತಾರಲ್ಲ ಅಂದೆ ನಾನು. "ಅದು ಸಂಬಳದೋರಿಗೆ. ಇವನಿಗೆ ಮುಂದಿನ ಸಂಬಳ ಬರೋದು ಮುಂದಿನ ಕೊಯ್ಲಿಗೆ" ಅಂದ್ರು. ಗೆಳೆಯ ಏನೂ ಹೇಳಲಿಲ್ಲ, ಆದ್ರೆ ಜನವರೀಲಿ ಪಾಲಿಸಿ ಮಾಡಿಸಿದ.

ಹುಡುಗನ ವಿಷಯಕ್ಕೆ ಬರ್ತೀನಿ. ಅವನು ಸೋಮವಾರ ಅಡ್ವಾನ್ಸ್ ಕಟ್ಟೋಕೆ ಹೋಗಲಿಲ್ಲ. ಒಂದು ತಿಂಗಳು ಬಿಟ್ಟು ಫೋನ್ ಮಾಡಿ "ಅಣ್ಣಾ, ಸಾಗರದಲ್ಲಿ ಒಂದು ಎಕ್ಸ್‌ಪಲ್ಸ್ 200 ಬೈಕ್ ಸೆಕೆಂಡ್ ಹ್ಯಾಂಡ್ ಇದೆ, 92 ಸಾವಿರ ಹೇಳ್ತಿದಾರೆ, ನೋಡೋಕೆ ಬರ್ತೀರಾ" ಅಂದ. ನಾನೂ ಹೊಸನಗರದ ಅಣ್ಣನೂ ಹೋದ್ವಿ. ಮುಂಚೇನೇ ಹೇಳಿದ್ವಿ ಮಾರೋರಿಗೆ, ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ. ಬಿಸಿ ಇಂಜಿನ್ ಯಾವತ್ತೂ ಚೆನ್ನಾಗೇ ಸ್ಟಾರ್ಟ್ ಆಗುತ್ತೆ, ತಣ್ಣಗಿರೋವಾಗ ಆಗ್ಬೇಕು. ಆಯ್ತು, ಒಂದೇ ಸಲಕ್ಕೆ, ಹೊಗೆ ಇಲ್ಲ. ಅಣ್ಣ ಕೂತ್ಕೊಂಡು ಮುಂದಿನ ಶಾಕ್‌ನ ರಬ್ಬರ್ ಬೂಟ್ ಮೇಲಕ್ಕೆ ಸರಿಸಿ ಬೆರಳಾಡಿಸಿದ್ರು, ಬಲಗಡೆ ಎಣ್ಣೆ ಹತ್ತಿತು, ಆಯಿಲ್ ಸೀಲ್ ಹೋಗಿದೆ. ಚೈನ್ ಸ್ಪ್ರಾಕೆಟ್ ಹಲ್ಲು ಕೊಕ್ಕೆ ಥರ ಬಾಗಿದ್ವು. ಮುಂದಿನ ಚಕ್ರ ನೆಲ ಬಿಡೋ ಹಂಗೆ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ನಡುವೆ ಒಂದು ಕಡೆ ಕಟ್ ಅಂತ ಸಿಕ್ಕಿಕೊಳ್ತು, ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹಾಕ್ಬೇಕು. ನಮ್ಮ ಮಲೆನಾಡಲ್ಲಿ ಇನ್ನೊಂದು ನೋಡ್ಲೇಬೇಕು, ಸೀಟ್ ತೆಗೆದು ಬ್ಯಾಟರಿ ಕೆಳಗಿನ ತಗಡು, ಸೈಡ್ ಸ್ಟ್ಯಾಂಡ್ ಬುಡ, ಕಡ್ಡಿಗಳು ರಿಮ್‌ಗೆ ಸೇರೋ ಜಾಗ. ನಾಲ್ಕು ಮಳೆಗಾಲ ಹೊರಗೆ ನಿಂತ ಗಾಡಿಗೆ ಮೀಟರ್‌ನಲ್ಲಿ ಎಷ್ಟು ಕಡಿಮೆ ಕಿಲೋಮೀಟರ್ ಇದ್ರೂ ಅಲ್ಲಿ ತುಕ್ಕು ಹೇಳಿಬಿಡುತ್ತೆ. ಇದು ಒಳಗೆ ನಿಂತ ಗಾಡಿ, ಕಡ್ಡಿ ಎಲ್ಲ ಸ್ವಚ್ಛ ಇದ್ವು. ಸೀಲು, ಚೈನ್ ಸೆಟ್, ಕೋನ್ ಸೆಟ್ ಖರ್ಚು ಎಣಿಸಿ ಅಣ್ಣ 83 ಸಾವಿರಕ್ಕೆ ಇಳಿಸಿದ್ರು.

ಆರ್‌ಸಿಲಿ ಮಾತ್ರ ಇನ್ನೂ ಬ್ಯಾಂಕಿನ ಹೆಸರಿತ್ತು. ಸಾಲ ತೀರಿ ವರ್ಷ ಆಯ್ತು ಅಂದ್ರು ಅವರು, ಇರಬಹುದು, ಆದ್ರೆ ಸಾಲ ಬಾಕಿ ಇಲ್ಲ ಅನ್ನೋ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಅದನ್ನ ತೆಗೆಸಿದ್ಮೇಲೇನೇ ಪೂರ್ತಿ ದುಡ್ಡು ಅಂತ ಹೇಳಿ ಹತ್ತು ಸಾವಿರ ಕೊಟ್ಟು ಬಂದ್ವಿ. ಸರ್ಕಾರದ ಪರಿವಾಹನ್ ಸೈಟ್‌ನಲ್ಲಿ ಗಾಡಿ ನಂಬರ್ ಹಾಕಿ ಫೈನ್ ಬಾಕಿ ಇದೆಯಾ ಅಂತಲೂ ಅಲ್ಲೇ ನಿಂತು ನೋಡಿದ್ವಿ. ಮಾರೋರಿಗೆ ನಾನು ಒಂದು ಮಾತು ಹೇಳ್ದೆ, ಮಾಲೀಕರ ಹೆಸರು ಬದಲಾಯಿಸೋ ಫಾರಂ 29, 30 ಸೈನ್ ಹಾಕಿ ಕೊಟ್ಟು ಸುಮ್ನೆ ಕೂರ್ಬೇಡಿ, ಟ್ರಾನ್ಸ್‌ಫರ್ ಆಗೋವರೆಗೂ ನೀವೇ ವಿಚಾರಿಸ್ತಾ ಇರಿ, ಯಾಕಂದ್ರೆ ಆರ್‌ಸಿಲಿ ಯಾರ ಹೆಸರಿದೆಯೋ ಆಕ್ಸಿಡೆಂಟ್ ಆದ್ರೆ ಕೇಸ್ ಅವರ ತಲೆಗೇ ಬರೋದು. ಹುಡುಗನಿಗೆ ಇನ್ಶೂರೆನ್ಸ್ 14 ದಿನದೊಳಗೆ ಹೆಸರು ಬದಲಾಯ್ಸು ಅಂದೆ, ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತೆ, ಆ ವ್ಯತ್ಯಾಸದ ದುಡ್ಡು ನೀನು ಕಟ್ಬೇಕಾಗುತ್ತೆ ಅಂತಲೂ.

ಸಾಲ ಮಾಡಲಿಲ್ಲ ಅವನು. ಕೈಲಿದ್ದ ಡೌನ್ ಪೇಮೆಂಟ್ ದುಡ್ಡಲ್ಲೇ ಗಾಡಿ ಬಂತು, ಉಳಿದಿದ್ರಲ್ಲಿ ಒಳ್ಳೆ ಹೆಲ್ಮೆಟ್ ತಗೊಂಡ, ಮಂಜು ಹಿಡಿಯದಂಗೆ ಒಳಗೆ ಪಿನ್‌ಲಾಕ್ ಇರೋದು, ಆಗುಂಬೆ ಕಡೆ ಬೆಳಿಗ್ಗೆ ಹೋಗೋರಿಗೆ ಅದು ಬೇಕೇ ಬೇಕು. ಹೋದ ವಾರ ಆರ್‌ಸಿ ಅವನ ಹೆಸರಿಗೆ ಬಂತು ಅಂತ ಫೋಟೋ ಕಳಿಸಿದ್ದ. ಮೇಷ್ಟ್ರು ಬರೆದುಕೊಟ್ಟ ಪೇಪರ್ ಇನ್ನೂ ಇದೆಯಂತೆ, ಅವನ ಆಫೀಸಲ್ಲಿ ಇನ್ನೊಬ್ಬ ಹುಡುಗ ಕಾರ್ ಲೋನ್‌ಗೆ ಹೊರಟಿದ್ದಾನೆ, ಅವನಿಗೆ ತೋರಿಸ್ಬೇಕು, 36 ಬದಲು 60 ಹಾಕಿದ್ರೆ ಹೆಂಗೆ ಲೆಕ್ಕ ಮಾಡೋದು ಅಂತ ಕೇಳ್ತಿದ್ದ. ಭಾನುವಾರ ಮೇಷ್ಟ್ರು ಬರ್ತಾರೆ, ಅವರನ್ನೇ ಕೇಳು, ಬರೋವಾಗ ಚೈನ್‌ಗೆ ಎಣ್ಣೆ ಹಾಕ್ಕೊಂಡು ಬಾ ಅಂದೆ.