ನಾಪೋಕ್ಲು ಹಾಕಿ ಹಬ್ಬ ಮತ್ತೆ ನಮ್ಮ ಮಕ್ಕಳ ಬೇಸಿಗೆ ರಜೆ

2024ರ ಯುಗಾದಿ ಮುಗೀತು, ಶಾಲೆಗೆ ರಜೆ ಬಿತ್ತು, ಹುಬ್ಬಳ್ಳಿಯಿಂದ ಅಕ್ಕನ ಮಕ್ಕಳಿಬ್ಬರು ರಾತ್ರಿ ಟ್ರೈನ್ ಹತ್ತಿ ಬೆಳಿಗ್ಗೆ ಮೈಸೂರಲ್ಲಿ ಇಳಿದ್ರು. ನಮ್ಮವೆರಡೂ ಸೇರಿ ಮನೆ ತುಂಬಾ ಮಕ್ಕಳು. ಮೊದಲೆರಡು ದಿನ ಕ್ಯಾರಂ, ಚೌಕಾಬಾರ ಅಂತ ಹೆಂಗೋ ಕಳೀತು. ಆದ್ರೆ ಆ ವರ್ಷದ ಬಿಸಿಲು ನೆನಪಿದ್ಯಲ್ಲ, ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯಕ್ಕೆ ರಾಜ್ಯವೇ ಬರ ಅಂತ ಘೋಷಣೆ ಆಗಿತ್ತು, ಮೈಸೂರೇ ಕಾದ ಹಂಚಿನ ಥರ ಆಗಿತ್ತು, ಮಧ್ಯಾಹ್ನ ಮಕ್ಕಳನ್ನ ಹೊರಗೆ ಬಿಡೋಕೇ ಆಗ್ತಿರಲಿಲ್ಲ. ಅಷ್ಟ್ರಲ್ಲಿ ನಮ್ಮನೆಯವರ ಕಾಲೇಜ್ ಗೆಳೆಯರು ಕೊಡಗಿನ ಕಕ್ಕಬ್ಬೆಯಿಂದ ಫೋನ್ ಮಾಡಿದ್ರು, "ನಮ್ಮ ಮನೆತನದ ಮ್ಯಾಚ್ ಇದೆ ಕಣೋ ನಾಪೋಕ್ಲಲ್ಲಿ, ಎಲ್ರನ್ನೂ ಕರ್ಕೊಂಡು ಬಾ, ಮನೆ ದೊಡ್ಡದಿದೆ, ಮಕ್ಕಳು ಎಷ್ಟು ದಿನ ಬೇಕಾದ್ರೂ ಇರಲಿ" ಅಂತ. ಅತ್ತೆಯೂ ಹೊರಟ್ರು. ನಾನು ಟೀಚರ್, ನನಗೂ ರಜೆ. ಇವರು ಮಾತ್ರ ಶನಿವಾರ ಭಾನುವಾರ ಬಂದು ಹೋಗೋದು ಅಂತ ತೀರ್ಮಾನ ಆಯ್ತು.

ಮೈಸೂರಿಂದ ಮಡಿಕೇರಿ 120 ಕಿಲೋಮೀಟರ್ ಹತ್ರ ಹತ್ರ. ಹುಣಸೂರು, ಪಿರಿಯಾಪಟ್ಟಣ ದಾಟೋವರೆಗೂ ರಸ್ತೆ ಪಕ್ಕದ ಹೊಲ ಎಲ್ಲ ಒಣಗಿ ನಿಂತಿತ್ತು. ಬೈಲಕುಪ್ಪೆಯಲ್ಲಿ ಇಳಿದು ನಾಮ್‌ಡ್ರೋಲಿಂಗ್ ಮಠಕ್ಕೆ ಹೋದ್ವಿ. ಟಿಬೆಟ್ ಜನ 1961ರಲ್ಲಿ ಬಂದು ನೆಲೆಸಿದ ಊರಿದು. ಒಳಗೆ ಮೂರು ಬಂಗಾರದ ಬಣ್ಣದ ಮೂರ್ತಿಗಳು, ನಡುವೆ ಬುದ್ಧ, ಸುಮಾರು 60 ಅಡಿ ಎತ್ತರ ಅಂತಾರೆ, ಚಿಕ್ಕವಳು ಕತ್ತು ಎತ್ತಿ ನೋಡ್ತಾ ನೋಡ್ತಾ ಹಿಂದಕ್ಕೆ ವಾಲಿಬಿಟ್ಟಳು. ಅಲ್ಲಿ ನನಗೆ ಹಿಡಿಸಿದ್ದು ತಂಪು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಸುಮ್ಮನೆ ಕೂತಿದ್ದು, ಮಕ್ಕಳೂ ಅಷ್ಟೇ ಸುಮ್ಮನಿದ್ರು.

ಮಡಿಕೇರಿ ದಾಟಿ ನಾಪೋಕ್ಲು ಕಡೆ ತಿರುಗಿದ ಮೇಲೆ ಗಾಳಿಯೇ ಬೇರೆ. ಕಕ್ಕಬ್ಬೆ ಮುಟ್ಟೋ ಹೊತ್ತಿಗೆ ಸಂಜೆ. ರಾತ್ರಿ ಮಲಗೋವಾಗ ಅಕ್ಕನ ದೊಡ್ಡ ಮಗ ಮೇಲೆ ನೋಡಿ "ಚಿಕ್ಕಮ್ಮ, ಇಲ್ಲೆ ಫ್ಯಾನ್ ಹಚ್ಚೂದು ಬ್ಯಾಡೇನ?" ಅಂದ. ಬೇಡ ಕಣೋ, ಹೊದ್ಕೋ ಅಂತ ರಗ್ಗು ಕೊಟ್ಟೆ.

ಹಾಕಿ ಹಬ್ಬದ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಇದು ಕೊಡವ ಮನೆತನಗಳ ನಡುವೆ ನಡೆಯೋ ಹಾಕಿ. ಊರಿನ ಟೀಂ, ಕ್ಲಬ್ಬಿನ ಟೀಂ ಅಂತ ಏನಿಲ್ಲ, ಒಂದು ಮನೆತನಕ್ಕೆ ಒಂದು ಟೀಂ, ಅವರು ಒಕ್ಕ ಅಂತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಅನ್ನೋ ಊರಲ್ಲಿ ಶುರು ಮಾಡಿದ್ದು, ಆಗ ಬಂದಿದ್ದು 60 ಮನೆತನ. ಆಮೇಲೆ ವರ್ಷಕ್ಕೊಂದು ಮನೆತನ ಹೊಣೆ ಹೊತ್ಕೊಂಡು ನಡೆಸ್ತಾ ಬಂದಿದೆ, ಕಪ್ಪಿಗೂ ಆ ಮನೆತನದ್ದೇ ಹೆಸರು. 2018ರ ಭೂಕುಸಿತ, ಆಮೇಲೆ ಕೊರೊನಾ ಅಂತ ನಾಲ್ಕು ವರ್ಷ ನಿಂತುಹೋಗಿ 2023ರಲ್ಲಿ ಮತ್ತೆ ಶುರುವಾಯ್ತು. ನಾವು ಹೋದ ವರ್ಷ ಕುಂಡ್ಯೋಳಂಡ ಕಪ್, 360 ಟೀಂ! ಗಿನ್ನೆಸ್ ದಾಖಲೆಗೂ ಸೇರಿತು. ಒಂದು ಪುಟ್ಟ ಜಿಲ್ಲೆ, ಅದರೊಳಗಿನ ಒಂದು ಸಣ್ಣ ಸಮುದಾಯ, 360 ಟೀಂ ಅಂದ್ರೆ ಯೋಚನೆ ಮಾಡಿ.

ಯಾಕೆ ಏಪ್ರಿಲಲ್ಲೇ ಅಂತ ನಾನು ಗೆಳೆಯರ ತಂದೆಯನ್ನ ಕೇಳಿದೆ. ಅವರನ್ನ ನಾವು ಅಂಕಲ್ ಅಂತೀವಿ, ಮಕ್ಕಳಿಗೆ ತಾತ. ಸೈನ್ಯದಲ್ಲಿದ್ದು ರಿಟೈರ್ ಆದವರು. ಕಾಫಿ ಕುಯ್ದು ಒಣಗಿಸಿ ಮಾರಿ ಕೈ ಬಿಡುವಾಗಿರುತ್ತೆ, ಗದ್ದೆ ಕೆಲಸ ಶುರುವಾಗೋದು ಮಳೆ ಹಿಡಿದ ಮೇಲೆ, ಜೂನಲ್ಲಿ ಮಳೆ ಬಂತು ಅಂದ್ರೆ ಮೈದಾನದಲ್ಲಿ ಕಾಲಿಡೋಕಾಗಲ್ಲ, ಬೆಂಗಳೂರು ಬಾಂಬೆಯಲ್ಲಿರೋರು ಮಕ್ಕಳ ರಜೆಗೆ ಊರಿಗೆ ಬರ್ತಾರೆ, ಮದುವೆಗಳೂ ಆಗ್ಲೇ, ಅದಕ್ಕೇ ಇದೇ ಸಮಯ ಅಂದ್ರು. ಹಾಕಿ ಮಾತ್ರ ಅಲ್ವಂತೆ, ಕ್ರಿಕೆಟ್ಟೂ ನಡೆಯುತ್ತೆ, ಅರೆಭಾಷೆ ಗೌಡರ ಕುಟುಂಬಗಳೂ ಹೀಗೇ ತಮ್ಮ ಟೂರ್ನಿ ಮಾಡ್ತಾರೆ. ಆ ವರ್ಷ ಅಂಕಲ್‌ಗೆ ಒಂದೇ ಚಿಂತೆ, ಮಳೆ. ಕಾಫಿ ಹೂ ಅರಳೋಕೆ ಒಂದು ಮಳೆ ಬೇಕು, ಅದಾಗಿ ಮೂರು ವಾರದೊಳಗೆ ಕಾಯಿ ಕಚ್ಚೋಕೆ ಇನ್ನೊಂದು ಮಳೆ ಬೇಕು. ಸ್ಪ್ರಿಂಕ್ಲರ್ ಇದ್ದೋರು ಹೆಂಗೋ ನೀರು ಕೊಟ್ಟು ಹೂ ಬಿಡಿಸಿದ್ರು, ಇಲ್ಲದೋರು ಆಕಾಶ ನೋಡ್ತಾ ಕೂತಿದ್ರು. ಊಟಕ್ಕೆ ಕೂತಾಗ್ಲೂ ಮಾತು ಅಲ್ಲಿಗೇ ಬಂದು ನಿಲ್ತಿತ್ತು.

ಮ್ಯಾಚ್ ದಿನ ಬೆಳಿಗ್ಗೆ ಇಡೀ ಮನೆಯೇ ಗಡಿಬಿಡಿ. ಗೋಣಿಕೊಪ್ಪಕ್ಕೆ ಮದುವೆಯಾಗಿ ಹೋಗಿದ್ದ ಗೆಳೆಯರ ತಂಗಿ ತವರಿನ ಪರ ಆಡೋಕೆ ಹಿಂದಿನ ರಾತ್ರಿಯೇ ಬಂದಿದ್ರು. ಬೆಂಗಳೂರಿಂದ ಐಟಿಯಲ್ಲಿರೋ ಹುಡುಗರು, ಪಿಯುಸಿ ಮುಗಿಸಿದ ಹುಡುಗಿ, ಮತ್ತೆ ಅಂಕಲ್! ಎಪ್ಪತ್ತಕ್ಕೆ ಹತ್ರ ಬಂದಿರೋ ಅವರೂ ಟೀಂ ಜೆರ್ಸಿ ಹಾಕಿ ಜಗಲಿಯಲ್ಲಿ ಕೂತು ಶೂ ಲೇಸ್ ಕಟ್ಟಿಕೊಳ್ತಿದ್ರು. ಜೆರ್ಸಿ ಬೆನ್ನ ಮೇಲೆ ಮನೆತನದ ಹೆಸರು. ಕೊಡವರಲ್ಲಿ ಮನೆತನದ ಹೆಸರೇ ಮೊದಲು, ಆಮೇಲೆ ಸ್ವಂತ ಹೆಸರು, ನಮ್ಮ ಸೈನ್ಯದ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ಅಂದ್ರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅಂತ. ತಿಂಡಿಗೆ ಪಾಪುಟ್ಟು (ಅಕ್ಕಿ ತರಿ, ಹಾಲು, ಕಾಯಿತುರಿ ಹಾಕಿ ಹಬೆಯಲ್ಲಿ ಬೇಯಿಸಿದ್ದು), ಮಧ್ಯಾಹ್ನಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮೊದಲೇ ಬೇಯಿಸಿ ಡಬ್ಬಿಗೆ ತುಂಬಿದ್ರು, ಅವರಿಗೆ ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು, ನಾವು ಸಸ್ಯಾಹಾರಿಗಳು ಅಂತ ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಕರಿ. ಅತ್ತೆ ಎಲ್ಲಿ ಮುಜುಗರ ಪಟ್ಕೊತಾರೋ ಅಂತ ಆ ಮನೆಯ ಆಂಟಿ ಒಲೆಯನ್ನೂ ಬೇರೆ ಮಾಡಿ ಇಟ್ಟಿದ್ರು. ಈ ಕಾಳಜಿ ನಾನು ಮರೆಯೋಕಿಲ್ಲ.

ನಾಪೋಕ್ಲಿನ ಮೈದಾನಕ್ಕೆ ಜನರಲ್ ತಿಮ್ಮಯ್ಯ ಅವರದ್ದೇ ಹೆಸರು. ಸುತ್ತ ಗ್ಯಾಲರಿ ಕಟ್ಟಿದ್ರು, ಮೈಕಲ್ಲಿ ಕೊಡವ ತಕ್ಕ್ (ಕೊಡವರ ಭಾಷೆ) ಮತ್ತೆ ಕನ್ನಡ ಎರಡರಲ್ಲೂ ಕಾಮೆಂಟರಿ, ಪಕ್ಕ ಪಕ್ಕದ ಮೈದಾನದಲ್ಲಿ ಒಂದು ಮುಗಿದ್ರೆ ಇನ್ನೊಂದು ಮ್ಯಾಚ್ ನಡೀತಾನೇ ಇತ್ತು. ನಾಕೌಟ್ ಪದ್ಧತಿ, ಸೋತರೆ ಮನೆಗೆ. ಟರ್ಫ್ ಗಿರ್ಫ್ ಏನೂ ಇಲ್ಲ, ಚೆಂಡು ಉರುಳಿದ ಕಡೆಯೆಲ್ಲ ಕೆಂಪು ಧೂಳು ಏಳ್ತಿತ್ತು.

ನಮ್ಮವರ ಮ್ಯಾಚ್ ಶುರುವಾಯ್ತು. (ಆಗಲೇ ನಮ್ಮವರು ಅಂತ ಕರೆಯೋಕೆ ಶುರು ಮಾಡಿದ್ವಿ.) ಅಂಕಲ್ ಹಿಂದುಗಡೆ ಡಿಫೆನ್ಸಲ್ಲಿ, ಓಡೋದು ಕಡಿಮೆ, ಆದ್ರೆ ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತಿರೋರ ಹಾಗೆ ಅಲ್ಲಿ ಹೋಗಿ ನಿಂತಿರ್ತಿದ್ರು. ಎದುರು ಟೀಂನ ಒಬ್ಬ ಹುಡುಗ, ಇಪ್ಪತ್ತು ಇರಬಹುದು, ಸ್ಟೇಟ್ ಆಡಿದವನಂತೆ, ಇಬ್ಬರನ್ನ ದಾಟಿಸಿಕೊಂಡು ಬಂದ. ಅಂಕಲ್ ಸ್ಟಿಕ್ಕನ್ನ ನೆಲಕ್ಕೆ ಅಡ್ಡ ಮಲಗಿಸಿ ಚೆಂಡು ತಡೆದು, ತಲೆ ಎತ್ತಿ ನೋಡಿ, ಬಲಗಡೆ ಇದ್ದ ಮಗಳಿಗೆ ಮೆಲ್ಲಗೆ ತಳ್ಳಿದ್ರು. ಆಕೆ ಲೈನ್ ಉದ್ದಕ್ಕೂ ಓಡಿ ಅಣ್ಣನಿಗೆ ಕೊಟ್ಟರು, ಅಣ್ಣ ಅಂದ್ರೆ ನಮ್ಮ ಗೆಳೆಯರು, ಅವರು ಒಳಗೆ ನಿಂತಿದ್ದ ಸೋದರನ ಮಗನಿಗೆ, ಆ ಹುಡುಗ ಹೊಡೆದ, ಗೋಲ್. ತಂದೆ, ಮಗಳು, ಮಗ, ಮೊಮ್ಮಗ ವರಸೆಯವನು, ಎಲ್ಲ ಒಂದೇ ಓಟದಲ್ಲಿ. ಗ್ಯಾಲರಿಯಲ್ಲಿ ಆಂಟಿ ಎದ್ದು ನಿಂತು ಸೆರಗನ್ನೇ ಬೀಸ್ತಿದ್ರು. ನಮ್ಮತ್ತೆಗೆ ಹಾಕಿಯ ಗಂಧಗಾಳಿ ಇಲ್ಲ, ಅವರೂ ಎದ್ದು ಚಪ್ಪಾಳೆ ಹೊಡೆದ್ರು, ನನಗೆ ಕಣ್ಣು ತುಂಬಿ ಬಂತು.

ನಾನು ಇದನ್ನೆಲ್ಲ ಬರೀತಿರೋದೇ ಈ ಒಂದು ವಿಷಯಕ್ಕೆ. ನಾವು ರಜೆ ಬಂತು ಅಂದ್ರೆ ಮಕ್ಕಳನ್ನ ಕ್ಯಾಂಪಿಗೆ ಸೇರಿಸ್ತೀವಿ, ಅವರು ಆಡ್ತಾರೆ, ನಾವು ಹೊರಗೆ ಕುರ್ಚಿ ಮೇಲೆ ಕೂತು ಮೊಬೈಲ್ ನೋಡ್ತೀವಿ. ಟೂರ್ ಹೋದ್ರೂ ಅಷ್ಟೇ, ಒಂದು ದಿನಕ್ಕೆ ಐದು ಜಾಗ, ಎಲ್ಲ ಕಡೆ ಫೋಟೋ. ದೊಡ್ಡೋರು ಚಿಕ್ಕೋರು ಒಟ್ಟಿಗೆ ಬೆವರು ಸುರಿಸಿ ಏನಾದ್ರೂ ಮಾಡೋದು ನಮ್ಮ ಮನೆಗಳಲ್ಲಿ ಎಲ್ಲಿದೆ? ಅಲ್ಲಿ ಅಜ್ಜ ಮೊಮ್ಮಗ ಒಂದೇ ಟೀಂ, ಸೊಸೆಯೂ ಆಡ್ತಾಳೆ, ತವರಿಗೆ ಬಂದ ಮಗಳೂ ಆಡ್ತಾಳೆ, ಮುಖವೇ ಮರೆತುಹೋಗಿದ್ದ ದೂರದ ದಾಯಾದಿಗಳು ಮೈದಾನದಲ್ಲಿ ಪಾಸ್ ಕೊಡ್ತಾ ಪರಿಚಯ ಆಗ್ತಾರೆ. ಕೊಡಗಿಂದ ಅಷ್ಟೊಂದು ಹಾಕಿ ಆಟಗಾರರು ಬಂದಿದ್ದು ಸುಮ್ಮನೆ ಅಲ್ಲ ಅನ್ನಿಸ್ತು. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನ ಗೆದ್ದ ಟೀಂನಲ್ಲಿ ಎಂ.ಎಂ. ಸೋಮಯ್ಯ, ಇವರ ಹೆಸರೆಲ್ಲ ಅಂಕಲ್ ಬಾಯಲ್ಲಿ ಮನೆಯವರ ಹೆಸರಿನ ಹಾಗೇ ಬರ್ತಿತ್ತು.

ಆ ಮ್ಯಾಚ್ ಗೆದ್ರು, ಮುಂದಿನದ್ದು ಸೋತ್ರು. ಸೋತ ದಿನವೂ ಊಟ ಅಷ್ಟೇ ಜೋರು.

ಆಮೇಲೆ ಮಕ್ಕಳಿಗೆ ಹಾಕಿ ಬಿಟ್ರೆ ಬೇರೆ ಏನೂ ಬೇಡ ಆಯ್ತು. ಮನೆ ಮುಂದೆ ಕಾಫಿ ಒಣಗಿಸೋ ಕಣ ಖಾಲಿ ಇತ್ತು, ಸಿಮೆಂಟು ನೆಲ, ಚೆಂಡು ಚೆನ್ನಾಗಿ ಓಡುತ್ತೆ. ಹಳೇ ಸ್ಟಿಕ್‌ಗಳನ್ನ ಅಟ್ಟದಿಂದ ಇಳಿಸಿ ಕೊಟ್ರು, ಚಿಕ್ಕವಳಿಗೆ ದೊಡ್ಡದಾಗುತ್ತೆ ಅಂತ ಅಂಕಲ್ ಒಂದನ್ನ ಗರಗಸದಲ್ಲಿ ಕುಯ್ದು ಹಿಡಿಗೆ ಬಟ್ಟೆ ಸುತ್ತಿ ಕೊಟ್ರು. ಬೆಳಿಗ್ಗೆ ಬಿಸಿಲು ಏರೋ ಮುಂಚೆ ಒಂದಾಟ, ಸಂಜೆ ಒಂದಾಟ, ನಾನೂ ಚೂಡಿದಾರದ ದುಪಟ್ಟ ಸೊಂಟಕ್ಕೆ ಕಟ್ಟಿ ಆಡಿದೆ, ಶನಿವಾರ ಬಂದಾಗ ಇವರೂ. ಅತ್ತೆ ಜಗಲಿಯಲ್ಲಿ ಕೂತು ಗೋಲ್ ಲೆಕ್ಕ ಹಿಡಿಯೋರು, ಅವರ ತೀರ್ಪೇ ಕೊನೆ, ಯಾರೂ ಎದುರು ಮಾತಾಡೋ ಹಾಗಿಲ್ಲ. "ಎರಡೂ ಕಾಲಿನ ಮಧ್ಯೆ ಹೋದ್ರೆ ಗೋಲ್ ಅಲ್ಲ, ಕಲ್ಲಿನ ಮಧ್ಯೆ ಹೋಗ್ಬೇಕು" ಅಂತ ಹೊಸ ರೂಲ್ ಬೇರೆ ಮಾಡಿದ್ರು.

ಮಧ್ಯೆ ಮಧ್ಯೆ ಸುತ್ತಾಟ ಇದ್ದೇ ಇತ್ತು. ಕಕ್ಕಬ್ಬೆ ಹತ್ರಾನೇ ನಾಲ್ಕುನಾಡು ಅರಮನೆ, ಜನ ಅಷ್ಟಾಗಿ ಹೋಗಲ್ಲ, ಹೋಗಲೇಬೇಕಾದ ಜಾಗ ಅಂತ ನನ್ನ ಅಭಿಪ್ರಾಯ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಿಂದ 94ರೊಳಗೆ ಕಟ್ಟಿಸಿದ್ದು. ಅರಮನೆ ಅಂದ್ರೆ ಮೈಸೂರಿನ ಮಕ್ಕಳಿಗೆ ಬೇರೆಯೇ ಕಲ್ಪನೆ ಇರುತ್ತೆ, ಇದು ಹೆಂಚಿನ ಮಾಡಿನ ಎರಡಂತಸ್ತಿನ ಮನೆ, ಗೋಡೆಯಲ್ಲಿ ಹಳೇ ಚಿತ್ರಗಳು, ಎದುರಿಗೆ ಪುಟ್ಟ ಮಂಟಪ, ಹಿಂದೆ ಎದ್ದು ನಿಂತ ತಡಿಯಂಡಮೋಳ್ ಬೆಟ್ಟ, ಕೊಡಗಲ್ಲೇ ಎತ್ತರದ್ದು, 1748 ಮೀಟರ್. ಕತ್ತಲೆ ಕೋಣೆಗಳಲ್ಲಿ ಕಣ್ಣಾಮುಚ್ಚಾಲೆ ಆಡೋಣ ಅಂತ ಹೊರಟ ಹುಡುಗರನ್ನ ತಡೆದು ಗೋಡೆಯ ಚಿತ್ರ ತೋರಿಸಿದೆ, ಆಮೇಲೆ ಅವರೇ ಇನ್ನೊಂದು ಆನೆ ಎಲ್ಲಿದೆ ಅಂತ ಹುಡುಕ್ತಾ ಹೋದ್ರು.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಸೇರೋ ಸಂಗಮಕ್ಕೆ ಹೋದ್ವಿ, ಗುಪ್ತಗಾಮಿನಿಯಾಗಿ ಸುಜ್ಯೋತಿಯೂ ಸೇರ್ತಾಳೆ ಅಂತ ನಂಬಿಕೆ, ಅಲ್ಲಿಂದ ಎಂಟು ಕಿಲೋಮೀಟರ್ ಮೇಲೆ ಹತ್ತಿದ್ರೆ ತಲಕಾವೇರಿ. ಸಂಗಮದಲ್ಲಿ ನೀರು ಮೊಣಕಾಲಿಗೂ ಬರ್ತಿರಲಿಲ್ಲ. ಮೈಸೂರಲ್ಲಿ ನಲ್ಲಿ ತಿರುಗಿಸಿದ್ರೆ ಬರೋದು ಇದೇ ನೀರು ಅಂತ ಅತ್ತೆ ಮಕ್ಕಳಿಗೆ ಹೇಳಿ ಬೊಗಸೆಯಲ್ಲಿ ಎತ್ತಿ ತಲೆಗೆ ಚಿಮುಕಿಸಿದ್ರು. ದುಬಾರೆ ಆನೆ ಶಿಬಿರದಲ್ಲೂ ಅದೇ ಕಥೆ, ಹೊಳೆ ಬತ್ತಿ ಬಂಡೆಗಳೆಲ್ಲ ಎದ್ದಿದ್ದವು, ಆನೆಗಳು ಇದ್ದ ಸ್ವಲ್ಪ ನೀರಲ್ಲೇ ಮಲಗಿ ಮೈ ತಿಕ್ಕಿಸಿಕೊಳ್ತಿದ್ವು, ಮಾವುತರು ತೆಂಗಿನ ನಾರು ಹಿಡಿದು ಕಿವಿ ಹಿಂದೆ ತಿಕ್ಕಿದಾಗ ಒಂದು ಆನೆ ಕಣ್ಣೇ ಮುಚ್ಚಿಬಿಡ್ತು. ರಾಫ್ಟಿಂಗ್ ಆಸೆ ಇದ್ದೋರು ಮಳೆಗಾಲದಲ್ಲೇ ಹೋಗಿ, ಬೇಸಿಗೆಯಲ್ಲಿ ಹೋಗಿ ಬೇಜಾರಾಗ್ಬೇಡಿ.

ಏಪ್ರಿಲ್ 26ಕ್ಕೆ ಲೋಕಸಭೆ ಚುನಾವಣೆ ಇತ್ತಲ್ಲ, ವೋಟ್ ಹಾಕೋಕೆ ಅಂತ ಮೈಸೂರಿಗೆ ವಾಪಸ್ ಬಂದ್ವಿ. 28ರ ಫೈನಲ್ಲನ್ನ ಮನೇಲೇ ಲೈವ್ ಹಾಕಿ ನೋಡಿದ್ವಿ, ಮಕ್ಕಳು ಟಿವಿ ಮುಂದೆ ಸ್ಟಿಕ್ ಹಿಡಿದೇ ಕೂತಿದ್ರು. ಮೇ ತಿಂಗಳ ಮೊದಲ ವಾರ ಮೈಸೂರಲ್ಲೇ ಓಡಾಟ: ಬೆಳಿಗ್ಗೆ ಐದೂವರೆಗೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು, ನಂದಿ ಹತ್ರ ಕೂತು ನೀರು ಕುಡಿದು ಮತ್ತೆ ಮೇಲಕ್ಕೆ, ಒಂದಿನ ಮೃಗಾಲಯ (ಮಂಗಳವಾರ ರಜೆ, ನೆನಪಿರಲಿ), ಒಂದಿನ ರೈಲ್ವೆ ಮ್ಯೂಸಿಯಂ. ಸಂಜೆ ಮಾತ್ರ ಬೀದಿ ಕೊನೆಯ ಖಾಲಿ ಸೈಟಲ್ಲಿ ಹಾಕಿ, ಅಕ್ಕಪಕ್ಕದ ಮಕ್ಕಳು ಸೇರಿದ್ರು, ಅವರ ಅಪ್ಪ ಅಮ್ಮಂದಿರೂ ಸೇರಿದ್ರು, ಎದುರು ಮನೆಯ ಬ್ಯಾಂಕ್ ಮ್ಯಾನೇಜರ್ ಮೇಡಂ ಗೋಲ್ ಕೀಪರ್!

ಹೋಗೋ ಮನಸ್ಸಿದ್ದೋರಿಗೆ ಒಂದೆರಡು ಮಾತು. ಹಬ್ಬ ಪ್ರತಿ ವರ್ಷ ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು ನಡೆಯುತ್ತೆ, ಜಾಗ ಮತ್ತೆ ನಡೆಸೋ ಮನೆತನ ಮಾತ್ರ ಬದಲಾಗುತ್ತೆ, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ ಆಗಿ 396 ಟೀಂ ಬಂದಿದ್ವು. ಫೈನಲ್‌ಗೆ ಸಿಕ್ಕಾಪಟ್ಟೆ ಜನ, ಮಕ್ಕಳು ವಯಸ್ಸಾದವರು ಜೊತೆಗಿದ್ರೆ ಮೊದಲ ಸುತ್ತುಗಳಿಗೆ ಹೋಗಿ, ಆರಾಮಾಗಿ ಕೂತು ನೋಡಬಹುದು, ಅಜ್ಜಂದಿರು ಅಮ್ಮಂದಿರು ಆಡೋದು ಹೆಚ್ಚಾಗಿ ಸಿಗೋದೂ ಆಗಲೇ. ಟೋಪಿ, ನೀರಿನ ಬಾಟಲ್, ರಾತ್ರಿಗೆ ತೆಳು ಸ್ವೆಟರ್ ಇಟ್ಕೊಳ್ಳಿ. ಮತ್ತೆ ಯಾರಾದ್ರೂ ಗೊತ್ತಿದ್ರೆ ಅವರ ಮನೆತನದ ಮ್ಯಾಚ್ ಯಾವತ್ತು ಅಂತ ಕೇಳಿಕೊಂಡೇ ಹೋಗಿ, ಕೂಗೋಕೆ ಒಂದು ಟೀಂ ಇದ್ರೆ ಆಟದ ರುಚಿಯೇ ಬೇರೆ.